ಫೈಬರ್ ಒಳಗೆ ಓಡುವ ಬೆಳಕು ಕೆಂಪೂ ಅಲ್ಲ, ಕಣ್ಣಿಗೆ ಕಾಣುವುದೂ ಇಲ್ಲ: ದೆಹಲಿ ಮನೆಗಳ ಇಂಟರ್ನೆಟ್‌ಗೆ ದೀಪ ಹಿಡಿಯುವುದು ಯಾವುದು?

ನವದೆಹಲಿ: ನೋಯ್ಡಾದ ಸೆಕ್ಟರ್‌ಗಳಲ್ಲಿ, ಗುರುಗ್ರಾಮದ ಬಹುಮಹಡಿ ಸೊಸೈಟಿಗಳಲ್ಲಿ, ದ್ವಾರಕಾದ ಫ್ಲಾಟ್‌ಗಳಲ್ಲಿ ಪದೇಪದೇ ನಡೆಯುವ ಸಂಗತಿ ಇದು. ಆಫೀಸಿನ ವಿಡಿಯೋ ಮೀಟಿಂಗ್ ನಡುವೆ ಇಂಟರ್ನೆಟ್ ನಿಲ್ಲುತ್ತದೆ. ಗೋಡೆಯ ಮೇಲಿನ ವೈಫೈ ಬಾಕ್ಸ್‌ನಲ್ಲಿ 'ಎಲ್‌ಒಎಸ್' ಎಂಬ ಜಾಗದಲ್ಲಿ ಕೆಂಪು ದೀಪ ಮಿನುಗುತ್ತದೆ. ದೂರು ಕೊಟ್ಟ ಮೇಲೆ ಬರುವ ಟೆಕ್ನಿಷಿಯನ್ ಜೇಬಿನಿಂದ ಪೆನ್ನಿನಂಥದ್ದೊಂದನ್ನು ತೆಗೆದು ತೆಳು ಕೇಬಲ್‌ನ ತುದಿಗೆ ಸಿಕ್ಕಿಸುತ್ತಾರೆ. ಕೇಬಲ್ ಎಲ್ಲಿ ಮುರಿದಿದೆಯೋ ಅಲ್ಲಿ ಕೆಂಪಗೆ ಹೊಳೆಯುತ್ತದೆ. ನೋಡುತ್ತಿದ್ದ ಮನೆಯವರಿಗೆ ಅನಿಸುವುದು ಒಂದೇ: ಓಹೋ, ಇಂಟರ್ನೆಟ್ ಬರುವುದು ಈ ಕೆಂಪು ಬೆಳಕಿನಲ್ಲಿ!

ಅಲ್ಲ. ಬಾಕ್ಸ್ ಮೇಲಿನ ಕೆಂಪು ದೀಪ ಒಂದು ಸಾಮಾನ್ಯ ಸೂಚಕ ದೀಪ, ಅಷ್ಟೇ. ಟೆಕ್ನಿಷಿಯನ್ ಕೈಯಲ್ಲಿರುವ ಕೆಂಪು ಪೆನ್ನು ಮುರಿದ ಜಾಗ ಹುಡುಕುವ ಸಾಧನ. ನಿಜವಾಗಿ ನಿಮ್ಮ ಸಿನಿಮಾ, ಮೀಟಿಂಗ್, ಬ್ಯಾಂಕ್ ವ್ಯವಹಾರವನ್ನೆಲ್ಲ ಹೊತ್ತು ತರುವ ಬೆಳಕು ಇವೆರಡೂ ಅಲ್ಲ. ಅದು ಮನುಷ್ಯನ ಕಣ್ಣಿಗೆ ಕಾಣುವುದೇ ಇಲ್ಲ.

ಆಪ್ಟಿಕಲ್ ಫೈಬರ್ ಎಂದ ಕೂಡಲೇ ಎಲ್ಲರೂ ಗಾಜಿನ ಎಳೆಯ ಬಗ್ಗೆ ಮಾತನಾಡುತ್ತಾರೆ. ಆದರೆ ಗಾಜು ರಸ್ತೆ ಮಾತ್ರ. ಎಷ್ಟು ದೂರ, ಎಷ್ಟು ವೇಗ, ಎಷ್ಟು ನಂಬಿಕೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ರಸ್ತೆಯ ತುದಿಯಲ್ಲಿ ಕುಳಿತ, ಸಾಸಿವೆ ಕಾಳಿಗಿಂತ ಚಿಕ್ಕದಾದ ಲೇಸರ್ ಚಿಪ್. ಸೆಖೆಗೆ ಬಳಲುವುದೂ ಅದೇ, ಕೆಟ್ಟರೆ ಅಕ್ಕಪಕ್ಕದ ಮನೆಗಳ ನೆಟ್ ಕೆಡಿಸುವುದೂ ಅದೇ, ಭಾರತ ಇನ್ನೂ ಹೊರಗಿನಿಂದ ಹೆಚ್ಚಾಗಿ ತರಿಸಿಕೊಳ್ಳುವುದೂ ಅದನ್ನೇ.

ಕಾಣದ ಬೆಳಕನ್ನೇ ಏಕೆ ಆರಿಸಿಕೊಂಡರು?

ಬೆಳಕಿನ ಬಣ್ಣವನ್ನು ತರಂಗಾಂತರದಲ್ಲಿ ಅಳೆಯುತ್ತಾರೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗೆ. ಟೆಕ್ನಿಷಿಯನ್‌ನ ಕೆಂಪು ಪೆನ್ನು 650 ನ್ಯಾನೋಮೀಟರ್ ಆಸುಪಾಸಿನದು. ಮನೆಗೆ ಇಂಟರ್ನೆಟ್ ತರುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಕಂಪನಿ ಕಡೆಯಿಂದ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವ ಬೆಳಕು 1310 ನ್ಯಾನೋಮೀಟರ್. ಇವೆರಡೂ ಇನ್ಫ್ರಾರೆಡ್, ಅಂದರೆ ಅವಕೆಂಪು ವಲಯದವು.

ಕಾರಣ ಗಾಜಿನಲ್ಲೇ ಇದೆ. ಸಂಜೆಯ ಸೂರ್ಯ ಕೆಂಪಾಗಿ ಕಾಣುವುದು, ಹಗಲಿನ ಆಕಾಶ ನೀಲಿಯಾಗಿರುವುದು ಏಕೆಂದು ಶಾಲೆಯಲ್ಲಿ ಓದಿರುತ್ತೇವೆ. ಕಿರಿದಾದ ತರಂಗ ಹೆಚ್ಚು ಚದುರುತ್ತದೆ, ಉದ್ದದ ತರಂಗ ಕಡಿಮೆ ಚದುರುತ್ತದೆ. ಗಾಜಿನ ಒಳಗೂ ಅದೇ ನಿಯಮ. 650 ನ್ಯಾನೋಮೀಟರ್‌ನ ಕೆಂಪು ಬೆಳಕು 1550 ನ್ಯಾನೋಮೀಟರ್‌ನ ಬೆಳಕಿಗಿಂತ ಸುಮಾರು 32 ಪಟ್ಟು ಹೆಚ್ಚು ಚದುರುತ್ತದೆ. ಹಾಗಾಗಿ ಕೆಂಪು ಪೆನ್ನಿನ ಬೆಳಕು ಕೆಲವೇ ಕಿಲೋಮೀಟರ್‌ಗಳಲ್ಲಿ ಮಾಯವಾಗುತ್ತದೆ. ಇನ್ನೂ ಉದ್ದದ ತರಂಗ ಬಳಸಬಹುದಿತ್ತಲ್ಲ ಎಂದರೆ, 1600 ದಾಟಿದ ಮೇಲೆ ಗಾಜೇ ಬೆಳಕನ್ನು ಹೀರಿಕೊಳ್ಳಲು ಶುರು ಮಾಡುತ್ತದೆ. ನಡುವೆ ಸಿಕ್ಕ ಸಣ್ಣ ಕಿಟಕಿಯೇ 1310ರಿಂದ 1550ರ ಆಸುಪಾಸು.

1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಬ್ರಿಟನ್‌ನಲ್ಲಿ ಒಂದು ಲೆಕ್ಕ ಮುಂದಿಟ್ಟರು. ಒಂದು ಕಿಲೋಮೀಟರ್ ಸಾಗಿದ ಮೇಲೆ ಬೆಳಕಿನ ಶೇ 1ರಷ್ಟಾದರೂ ಉಳಿಯುವ ಗಾಜು ಸಿಕ್ಕರೆ ಅದರಲ್ಲಿ ದೂರವಾಣಿ ಸಂಪರ್ಕ ಸಾಧ್ಯ ಎಂದರು. ಆಗ ಅಂಥ ಗಾಜು ಇರಲಿಲ್ಲ. ಇಂದಿನ ಸಾಮಾನ್ಯ ಫೈಬರ್‌ನಲ್ಲಿ 1550 ನ್ಯಾನೋಮೀಟರ್ ಬೆಳಕು 100 ಕಿಲೋಮೀಟರ್ ಸಾಗಿದ ಮೇಲೂ ಶೇ 1ರಷ್ಟು ಉಳಿಯುತ್ತದೆ. ಕಾವ್‌ಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟಿವಿ ರಿಮೋಟ್‌ನ ಬೆಳಕು ಮೊಬೈಲ್ ಕ್ಯಾಮೆರಾದಲ್ಲಿ ಕಾಣುತ್ತದೆ ಎಂದು ಹಲವರಿಗೆ ಗೊತ್ತು. ಅದೇ ಉಪಾಯವನ್ನು ಫೈಬರ್ ಮೇಲೆ ಪ್ರಯೋಗಿಸಿ, ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ, ಆದ್ದರಿಂದ ಬೆಳಕಿಲ್ಲ ಎಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿಯುವವರಿದ್ದಾರೆ. ಇದು ತಪ್ಪು. ರಿಮೋಟ್ ಬಳಸುವುದು ಸುಮಾರು 940 ನ್ಯಾನೋಮೀಟರ್ ಬೆಳಕನ್ನು. ಮೊಬೈಲ್ ಕ್ಯಾಮೆರಾದ ಸಿಲಿಕಾನ್ ಸುಮಾರು 1100ರ ಆಚೆಗೆ ಕುರುಡು. 1310 ಅಥವಾ 1490ರ ಬೆಳಕು ಕ್ಯಾಮೆರಾಗೂ ಕಾಣದು, ಕಣ್ಣಿಗೂ ಕಾಣದು. ಕಾಣದ ಕಾರಣ ರೆಪ್ಪೆಯೂ ಮುಚ್ಚಿಕೊಳ್ಳುವುದಿಲ್ಲ. ಮನೆಯೊಳಗೆ ಬರುವ ಬೆಳಕು ಬಹಳ ಕ್ಷೀಣ ನಿಜ. ಆದರೆ ಬೀದಿಯ ಪೆಟ್ಟಿಗೆಯಿಂದ ಜೋತುಬಿದ್ದ ಎಳೆ ಯಾವುದು, ಅದರಲ್ಲಿ ಕೇಬಲ್ ಟಿವಿಗಾಗಿ ಬಲಪಡಿಸಿದ ಬೆಳಕು ಹರಿಯುತ್ತಿದೆಯೇ ಎಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಮಕ್ಕಳ ಕೈಗೆ ಮುರಿದ ಎಳೆ ಸಿಗದಂತೆ ನೋಡಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ: ಅದು ಗಾಜು, ಚುಚ್ಚಿಕೊಂಡರೆ ಹುಡುಕಿ ತೆಗೆಯುವುದು ಕಷ್ಟ.

2 ಮಿಲಿವ್ಯಾಟ್ ಬೆಳಕಿನಲ್ಲಿ 32 ಮನೆ

ಕಂಪನಿಯ ಎಕ್ಸ್‌ಚೇಂಜ್‌ನಲ್ಲಿ ಇರುವ ಒಎಲ್‌ಟಿ ಎಂಬ ಯಂತ್ರದ ಒಂದು ಲೇಸರ್‌ನಿಂದ ಸುಮಾರು 2 ಮಿಲಿವ್ಯಾಟ್ ಬೆಳಕು ಹೊರಡುತ್ತದೆ ಎಂದುಕೊಳ್ಳಿ. ಮನೆಯ ಬಲ್ಬ್ 9 ವ್ಯಾಟ್‌ನದು ಎಂಬುದನ್ನು ನೆನಪಿಸಿಕೊಂಡರೆ ಇದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಈ ಬೆಳಕು ಸೊಸೈಟಿಯ ಬಳಿ ಒಂದು ಸ್ಪ್ಲಿಟರ್‌ಗೆ ಬರುತ್ತದೆ. ಸ್ಪ್ಲಿಟರ್‌ಗೆ ವಿದ್ಯುತ್ ಬೇಡ, ಅದು ಬೆಳಕನ್ನು 32 ಪಾಲು ಮಾಡಿ 32 ಮನೆಗಳಿಗೆ ಹಂಚುವ ಗಾಜಿನ ಕವಲು, ಅಷ್ಟೇ. ಹಂಚಿಕೆ, 5 ಕಿಲೋಮೀಟರ್ ದಾರಿ, ನಡುವಿನ ಜೋಡಣೆಗಳ ನಷ್ಟ ಎಲ್ಲ ಕಳೆದು ಮನೆಯ ಬಾಕ್ಸ್‌ಗೆ ಮುಟ್ಟುವುದು ಸುಮಾರು 0.018 ಮಿಲಿವ್ಯಾಟ್. ಹೊರಟದ್ದರ ನೂರರಲ್ಲಿ ಒಂದು ಪಾಲೂ ಇಲ್ಲ.

ಟೆಕ್ನಿಷಿಯನ್ ಮೀಟರ್ ಹಚ್ಚಿದಾಗ ಇದೇ ಮೊತ್ತ ಮೈನಸ್ 17 ಅಥವಾ ಮೈನಸ್ 18 ಡಿಬಿಎಂ ಎಂದು ತೋರಿಸುತ್ತದೆ. ಮೈನಸ್ ಎಂದು ಗಾಬರಿ ಬೇಡ, ಒಂದು ಮಿಲಿವ್ಯಾಟ್‌ಗಿಂತ ಕಡಿಮೆ ಎಂದಷ್ಟೇ ಅದರ ಅರ್ಥ. ಸಾಮಾನ್ಯವಾಗಿ ಬಳಕೆಯಲ್ಲಿರುವ ದರ್ಜೆಯ ಬಾಕ್ಸ್‌ಗಳು ಮೈನಸ್ 27ರವರೆಗೆ, ಅಂದರೆ 0.002 ಮಿಲಿವ್ಯಾಟ್‌ವರೆಗೆ ಕೆಲಸ ಮಾಡಬೇಕೆಂಬುದು ಮಾನದಂಡ. ಮೈನಸ್ 25, 26ರಲ್ಲಿ ನಿಂತಿರುವ ಮನೆಯಲ್ಲಿ ಇವತ್ತು ನೆಟ್ ಚೆನ್ನಾಗಿಯೇ ಇರಬಹುದು. ಆದರೆ ಜೋಡಣೆಯಲ್ಲಿ ಸ್ವಲ್ಪ ಧೂಳು ಕೂತರೆ, ಕೇಬಲ್ ಬಾಗಿಲ ಸಂದಿಗೆ ಸಿಕ್ಕಿ ಮಡಚಿಕೊಂಡರೆ ಅಂಚಿನಿಂದ ಬಿದ್ದಂತೆಯೇ. ರಿಪೇರಿ ಮುಗಿದ ಮೇಲೆ "ಎಷ್ಟು ಡಿಬಿಎಂ ಬರುತ್ತಿದೆ?" ಎಂದು ಕೇಳಿ ಬರೆದಿಟ್ಟುಕೊಂಡರೆ ಮುಂದಿನ ದೂರಿಗೆ ಅದೇ ಆಧಾರ. ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್‌ಗಿಂತ ಈ ಸಂಖ್ಯೆ ಹೆಚ್ಚು ಮಾತನಾಡುತ್ತದೆ.

ಈ 1490ರ ಲೇಸರ್ ಸೆಕೆಂಡಿಗೆ ಸುಮಾರು 248.8 ಕೋಟಿ ಬಿಟ್‌ಗಳನ್ನು ಕಳಿಸುತ್ತದೆ. ಅಷ್ಟು ಬಾರಿ ಹತ್ತಿ ಆರುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಅದನ್ನು ಪೂರ್ತಿ ಆರಿಸುವುದಿಲ್ಲ, ಒಂದಕ್ಕೆ ಪ್ರಖರ, ಸೊನ್ನೆಗೆ ಮಂಕು. ಪೂರ್ತಿ ಆರಿದ ಲೇಸರ್ ಮತ್ತೆ ಹತ್ತಿಕೊಳ್ಳಲು ತಗಲುವ ಕ್ಷಣವೂ ಈ ವೇಗದಲ್ಲಿ ದುಬಾರಿ. ಮೇಲೆ ಹೇಳಿದ 0.018 ಮಿಲಿವ್ಯಾಟ್‌ನ ಲೆಕ್ಕ ಹಾಕಿದರೆ ಪ್ರತಿ ಬಿಟ್‌ಗೆ ಸರಾಸರಿ 50 ಸಾವಿರಕ್ಕೂ ಹೆಚ್ಚು ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು ಬರುತ್ತವೆ. ಈ 50 ಸಾವಿರ ಎಂಬ ಸಂಖ್ಯೆ ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಎಲ್‌ಇಡಿ ಸಾಕಾಗುತ್ತಿರಲಿಲ್ಲವೇ?

ಎಲ್‌ಇಡಿ ಅಗ್ಗ, ಬಾಳಿಕೆಯದು, ಸೆಖೆಗೂ ಅಷ್ಟಾಗಿ ಜಗ್ಗದು. ಮೊದಮೊದಲು ಫೈಬರ್ ಸಂಪರ್ಕಗಳಲ್ಲಿ ಎಲ್‌ಇಡಿಗಳನ್ನೇ ಧಾರಾಳವಾಗಿ ಬಳಸಿದ್ದರು. ಆದರೆ ಅದರಲ್ಲಿ ಎರಡು ತೊಡಕು.

ಒಂದು, ಎಲ್‌ಇಡಿಯ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಮನೆಗೆ ಬರುವ ಫೈಬರ್‌ನಲ್ಲಿ ಬೆಳಕು ಸಾಗುವ ನಡುಭಾಗದ ಅಗಲ ಸುಮಾರು 9 ಮೈಕ್ರಾನ್, ತಲೆಗೂದಲಿನ ಎಂಟು ಹತ್ತನೇ ಒಂದು ಪಾಲು. ಬಿಂದಿಗೆ ನೀರನ್ನು ಸೂಜಿಯ ಕಣ್ಣಿಗೆ ಸುರಿದ ಹಾಗೆ, ಬಹುಪಾಲು ಹೊರಗೇ ಹೋಗುತ್ತದೆ. ಲೇಸರ್‌ನ ಬೆಳಕು ಒಂದು ಚಿಕ್ಕ ಬಿಂದುವಿನಿಂದ ಹೆಚ್ಚು ಹರಡದೆ ಹೊರಡುವುದರಿಂದ ಮಸೂರವಿಟ್ಟು ಒಳಗೆ ತೂರಿಸಬಹುದು.

ಎರಡನೆಯದು ಹೆಚ್ಚು ಗಂಭೀರ. ಎಲ್‌ಇಡಿ ಒಂದೇ ಬಣ್ಣ ಎಂದು ನಮಗೆ ಕಂಡರೂ ಅದರಲ್ಲಿ ಹತ್ತಾರು ನ್ಯಾನೋಮೀಟರ್ ಅಗಲದ ಬಣ್ಣಗಳ ಗುಂಪೇ ಇರುತ್ತದೆ. ಗಾಜಿನಲ್ಲಿ ಒಂದೊಂದು ಬಣ್ಣದ ವೇಗ ಒಂದೊಂದು. ಜಾತ್ರೆಗೆ ಒಟ್ಟಿಗೆ ಹೊರಟ ಊರಿನವರು ಹತ್ತು ಮೈಲಿ ನಡೆದ ಮೇಲೆ ಯಾರು ಮುಂದೆ ಯಾರು ಹಿಂದೆ ಎಂದು ಚದುರಿಹೋಗುವಂತೆ, ಒಟ್ಟಿಗೆ ಹೊರಟ ಬೆಳಕಿನ ಮಿಡಿತ ಹಿಗ್ಗುತ್ತಾ ಹೋಗುತ್ತದೆ. 1550 ನ್ಯಾನೋಮೀಟರ್‌ನಲ್ಲಿ, 60 ನ್ಯಾನೋಮೀಟರ್ ಅಗಲದ ಎಲ್‌ಇಡಿ ಬೆಳಕು 10 ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 10 ನ್ಯಾನೋಸೆಕೆಂಡ್ ಹಿಗ್ಗುತ್ತದೆ. ಸೆಕೆಂಡಿಗೆ 100 ಕೋಟಿ ಬಿಟ್ ವೇಗದಲ್ಲಿ ಒಂದು ಬಿಟ್‌ಗೆ ಸಿಗುವ ಸಮಯ 1 ನ್ಯಾನೋಸೆಕೆಂಡ್ ಮಾತ್ರ. ಅಂದರೆ ಹತ್ತು ಬಿಟ್‌ಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ.

ಡಿಎಫ್‌ಬಿ ಎಂದು ಕರೆಯುವ ಲೇಸರ್‌ನ ಚಿಪ್ ಒಳಗೇ ಒಂದು ಸೂಕ್ಷ್ಮ ಜಾಲರಿ ಕೊರೆದಿರುತ್ತಾರೆ. ಅದು ಒಂದೇ ಒಂದು ಬಣ್ಣವನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಅದರ ಅಗಲ 0.1 ನ್ಯಾನೋಮೀಟರ್‌ಗಿಂತ ಕಡಿಮೆ. ಅದೇ 10 ಕಿಲೋಮೀಟರ್‌ನಲ್ಲಿ ಹಿಗ್ಗುವಿಕೆ ಬಿಟ್‌ನ ಶೇ 2ಕ್ಕೂ ಕಡಿಮೆ. ಮನೆಯಿಂದ ಹೋಗುವ ಬೆಳಕಿಗೆ 1310 ಆರಿಸಿದ್ದರ ಗುಟ್ಟೂ ಇದೇ. ಆ ತರಂಗಾಂತರದಲ್ಲಿ ಸಾಮಾನ್ಯ ಫೈಬರ್‌ನಲ್ಲಿ ಬಣ್ಣಗಳ ವೇಗದ ವ್ಯತ್ಯಾಸ ಬಹುತೇಕ ಸೊನ್ನೆ, ಹಾಗಾಗಿ ಅಷ್ಟೇನೂ ನಿಖರವಲ್ಲದ, ಅಗ್ಗದ ಲೇಸರ್ ಕೂಡ ನಡೆಯುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಒಂದೇ ಲೇಸರ್, ಅದಕ್ಕೆ ಖರ್ಚು ಮಾಡಬಹುದು. ಮನೆಗಳಲ್ಲಿ 32 ಲೇಸರ್, ಅಲ್ಲಿ ಪ್ರತಿ ರೂಪಾಯಿಯೂ ಲೆಕ್ಕ.

ಈ ಲೇಸರ್ ಸುಲಭವಾಗಿ ಒಲಿದದ್ದಲ್ಲ. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಾಬರ್ಟ್ ಹಾಲ್ ತಂಡ ಮೊದಲ ಅರೆವಾಹಕ ಲೇಸರ್ ಬೆಳಗಿಸಿದಾಗ ಅದನ್ನು ದ್ರವ ನೈಟ್ರೋಜನ್‌ನ ಚಳಿಯಲ್ಲಿ ಇಡಬೇಕಿತ್ತು. ಕೋಣೆಯ ಉಷ್ಣಾಂಶದಲ್ಲಿ ಆರದೆ ಬೆಳಗುವ ಲೇಸರ್ ಸಿಕ್ಕಿದ್ದು 1970ರಲ್ಲಿ, ಸೋವಿಯತ್ ರಷ್ಯಾದ ಝೋರೆಸ್ ಅಲ್ಫೆರೋವ್ ತಂಡದಿಂದ ಮತ್ತು ಅದೇ ವರ್ಷ ಅಮೆರಿಕದ ಬೆಲ್ ಲ್ಯಾಬ್ಸ್‌ನ ಹಯಾಶಿ ಹಾಗೂ ಪ್ಯಾನಿಶ್ ಅವರಿಂದ. ಅಮೆರಿಕದ ಕಾರ್ನಿಂಗ್ ಕಂಪನಿ ಕಾವ್ ಬಯಸಿದ್ದ ಗಾಜನ್ನು ತಯಾರಿಸಿದ್ದೂ 1970ರಲ್ಲೇ. ದೀಪವೂ ದಾರಿಯೂ ಒಂದೇ ವರ್ಷ ಸಿಕ್ಕವು. ಒಂಬತ್ತು ವರ್ಷಗಳಲ್ಲಿ ಅದು ಭಾರತಕ್ಕೂ ಬಂತು. 1979ರಲ್ಲಿ ಪುಣೆಯಲ್ಲಿ ದೂರವಾಣಿ ಎಕ್ಸ್‌ಚೇಂಜ್‌ಗಳ ನಡುವೆ ದೇಶದ ಮೊದಲ ಆಪ್ಟಿಕಲ್ ಫೈಬರ್ ಸಂಪರ್ಕ ಶುರುವಾಯಿತು.

ದೆಹಲಿಯ ಬಿಸಿಲು ಗಾಜಿಗೆ ತಾಗದು, ಲೇಸರ್‌ಗೆ ತಾಗುತ್ತದೆ

2023ರ ಜನವರಿ 16ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಕನಿಷ್ಠ ಉಷ್ಣಾಂಶ 1.4 ಡಿಗ್ರಿ ಸೆಲ್ಸಿಯಸ್. 2024ರ ಮೇ 29ರಂದು ಅದೇ ಕೇಂದ್ರದಲ್ಲಿ ಗರಿಷ್ಠ 46.8 ಡಿಗ್ರಿ. ಎರಡರ ನಡುವೆ 45 ಡಿಗ್ರಿಯ ಅಂತರ. ಬೆಂಗಳೂರಿನವರಿಗೆ ಇದು ಊಹಿಸಲೂ ಕಷ್ಟ. ರಾಯಚೂರು, ಕಲಬುರಗಿಯವರಿಗೆ ಬೇಸಿಗೆಯ ತುದಿಯಾದರೂ ಗೊತ್ತು.

ಗಾಜಿನ ಎಳೆಗೆ ಈ ಏರಿಳಿತ ದೊಡ್ಡ ಸಂಗತಿಯಲ್ಲ. ಲೇಸರ್‌ಗೆ ಹಾಗಲ್ಲ. ಲೇಸರ್ ಬೆಳಗಲು ಒಂದು ಕನಿಷ್ಠ ವಿದ್ಯುತ್ ಪ್ರವಾಹ ಬೇಕು, ಅದಕ್ಕಿಂತ ಕಡಿಮೆಯಾದರೆ ಅದು ಬರೀ ಮಂಕು ಎಲ್‌ಇಡಿ. ಸೆಖೆ ಏರಿದಂತೆ ಈ ಕನಿಷ್ಠ ಮಿತಿಯೂ ಏರುತ್ತದೆ. ಲೇಸರ್ ಚಿಪ್‌ನ ಬೆನ್ನಿಗೇ ಒಂದು ಚಿಕ್ಕ ಬೆಳಕಿನ ಸಂವೇದಕ ಇರುತ್ತದೆ. ಬೆಳಕು ಕುಗ್ಗಿತು ಎಂದು ಅದು ಹೇಳಿದರೆ ಬಾಕ್ಸ್ ಪ್ರವಾಹ ಹೆಚ್ಚಿಸುತ್ತದೆ. ಹೆಚ್ಚು ಪ್ರವಾಹವೆಂದರೆ ಹೆಚ್ಚು ಶಾಖ, ಹೆಚ್ಚು ಶಾಖವೆಂದರೆ ಮತ್ತೆ ಹೆಚ್ಚು ಪ್ರವಾಹ. ವರ್ಷಗಟ್ಟಲೆ ಹೀಗೆ ನಡೆದರೆ ಲೇಸರ್ ಬೇಗ ಮುಪ್ಪಾಗುತ್ತದೆ. ಬಾಕ್ಸನ್ನು ಚೆಂದ ಕಾಣಲೆಂದು ಮರದ ಕಪಾಟಿನೊಳಗೆ ಮುಚ್ಚಿಡುವುದು, ಪಶ್ಚಿಮಕ್ಕಿರುವ ಬಾಲ್ಕನಿಯ ಗೋಡೆಗೆ ಜಡಿಯುವುದು, ಇನ್ವರ್ಟರ್ ಮೇಲೆ ಕೂರಿಸುವುದು ದೆಹಲಿಯ ಮೇ ತಿಂಗಳಲ್ಲಿ ಲೇಸರ್‌ಗೆ ಕೊಡುವ ಶಿಕ್ಷೆ. ಗಾಳಿಯಾಡುವ ಗೋಡೆಯೇ ಅದಕ್ಕೆ ಸರಿ.

ಇನ್ನೊಂದು ಪರಿಣಾಮ ಬಣ್ಣದ ಮೇಲೆ. ಡಿಎಫ್‌ಬಿ ಲೇಸರ್‌ನ ತರಂಗಾಂತರ ಪ್ರತಿ ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್ ಜರುಗುತ್ತದೆ. ದೆಹಲಿಯ 45 ಡಿಗ್ರಿಗೆ ನಾಲ್ಕೂವರೆ ನ್ಯಾನೋಮೀಟರ್. ಮನೆಯ ಜಿಪಾನ್ ವ್ಯವಸ್ಥೆಯಲ್ಲಿ ಇದು ಸಮಸ್ಯೆಯಲ್ಲ, ಏಕೆಂದರೆ 1490 ಎಂಬುದಕ್ಕೆ 1480ರಿಂದ 1500ರವರೆಗೆ ಓಡಾಡಲು ಜಾಗ ಬಿಟ್ಟಿದ್ದಾರೆ. ಮಾನದಂಡ ಬರೆದವರು ಅಗ್ಗದ, ತಂಪು ಮಾಡದ ಲೇಸರ್‌ಗೆಂದೇ ಬಿಟ್ಟ ಜಾಗ ಅದು. ಹೊಸ ಪೀಳಿಗೆಯ, ಸೆಕೆಂಡಿಗೆ 10 ಗಿಗಾಬಿಟ್‌ನ ಎಕ್ಸ್‌ಜಿಎಸ್-ಪಾನ್ ವ್ಯವಸ್ಥೆಯಲ್ಲಿ ಕಂಪನಿ ಕಡೆಯ ಬೆಳಕಿಗೆ ಇರುವ ಜಾಗ 1575ರಿಂದ 1580, ಐದೇ ನ್ಯಾನೋಮೀಟರ್. ಅಲ್ಲಿ ಲೇಸರನ್ನು ತಂಪಾಗಿಡಲೇಬೇಕು.

ಊರಿಂದೂರಿಗೆ ಹೋಗುವ ದೊಡ್ಡ ಮಾರ್ಗಗಳಲ್ಲಂತೂ ಪರಿಸ್ಥಿತಿ ಇನ್ನೂ ಬಿಗಿ. ದೆಹಲಿಯಿಂದ ಬೆಂಗಳೂರಿನ ಕಡೆಗೆ ಹೊರಡುವಂಥ ಎಳೆಯೊಂದರಲ್ಲಿ 80 ಅಥವಾ ಅದಕ್ಕೂ ಹೆಚ್ಚು ಬಣ್ಣಗಳನ್ನು ಒಟ್ಟಿಗೆ ಓಡಿಸಬಹುದು, ಒಂದೊಂದು ಬಣ್ಣವೂ ಒಂದೊಂದು ಪ್ರತ್ಯೇಕ ಮಾರ್ಗ. ಎರಡು ಬಣ್ಣಗಳ ನಡುವಿನ ಅಂತರ 0.8 ನ್ಯಾನೋಮೀಟರ್, ಎಷ್ಟೋ ಕಡೆ ಅದರ ಅರ್ಧ. ಹತ್ತು ಡಿಗ್ರಿ ಸೆಖೆ ಏರಿದರೆ ಸಾಕು, ಒಂದು ಲೇಸರ್ ಪಕ್ಕದವನ ಮನೆಗೆ ನುಗ್ಗಿದಂತೆ. ಅದಕ್ಕಾಗಿ ಇಂಥ ಲೇಸರ್‌ಗಳ ಡಬ್ಬಿಯೊಳಗೇ ಪೆಲ್ಟಿಯರ್ ಎಂಬ ಪುಟ್ಟ ಶೈತ್ಯ ಸಾಧನ ಕೂರಿಸಿರುತ್ತಾರೆ. ಹೊರಗೆ 46 ಡಿಗ್ರಿ ಇರಲಿ, 2 ಡಿಗ್ರಿ ಇರಲಿ, ಚಿಪ್‌ಗೆ ವರ್ಷವಿಡೀ ಒಂದೇ ಹವೆ.

ದಾರಿಯಲ್ಲಿ ಸುಮಾರು 80 ಕಿಲೋಮೀಟರ್‌ಗೊಮ್ಮೆ ಬೆಳಕನ್ನು ಬಲಪಡಿಸಬೇಕು. ಅಲ್ಲೂ ಕೆಲಸ ಮಾಡುವುದು ಲೇಸರೇ. ಎರ್ಬಿಯಂ ಎಂಬ ಧಾತು ಬೆರೆಸಿದ ಕೆಲವು ಮೀಟರ್ ಫೈಬರ್‌ಗೆ 980 ನ್ಯಾನೋಮೀಟರ್‌ನ ಇನ್ನೊಂದು ಲೇಸರ್‌ನಿಂದ ಬೆಳಕು ಉಣಿಸುತ್ತಾರೆ. ಎರ್ಬಿಯಂ ಆ ಶಕ್ತಿಯನ್ನು ಹೀರಿಕೊಂಡು, ಹಾದುಹೋಗುವ 1550ರ ಬೆಳಕಿಗೆ ಸೇರಿಸುತ್ತದೆ. ಎಲ್ಲ ಬಣ್ಣಗಳೂ ಒಂದೇ ಸಲಕ್ಕೆ ಬಲಗೊಳ್ಳುತ್ತವೆ, ವಿದ್ಯುತ್ ಸಂಕೇತಕ್ಕೆ ಇಳಿಸಿ ಮತ್ತೆ ಏರಿಸುವ ಗೋಜಿಲ್ಲ. 2,100 ಕಿಲೋಮೀಟರ್ ಫೈಬರ್ ದಾಟಲು ಬೆಳಕಿಗೆ ಬೇಕಾಗುವುದು ಸುಮಾರು 10 ಮಿಲಿಸೆಕೆಂಡ್.

ಪಕ್ಕದ ಮನೆಯ ಲೇಸರ್ ಕೆಟ್ಟರೆ ನಿಮ್ಮ ನೆಟ್ ಹೋಗುತ್ತದೆ!

ಕಂಪನಿಯಿಂದ ಬರುವ ಬೆಳಕು 32 ಮನೆಗೂ ಒಂದೇ. ಆದರೆ 32 ಮನೆಗಳ ಲೇಸರ್‌ಗಳು ವಾಪಸ್ ಕಳಿಸುವ ಬೆಳಕು ಒಂದೇ ಎಳೆಯಲ್ಲಿ ಸೇರಬೇಕು, ಎಲ್ಲವೂ 1310ರ ಬಣ್ಣದವೇ. ಒಟ್ಟಿಗೆ ಮಾತನಾಡಿದರೆ ಏನೂ ಕೇಳಿಸದು. ಅದಕ್ಕೆ ಎಕ್ಸ್‌ಚೇಂಜ್‌ನ ಯಂತ್ರ ಗ್ರಾಮಸಭೆಯಲ್ಲಿ ಮೈಕ್ ಹಂಚುವವರಂತೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಅವಧಿ ಕೊಡುತ್ತದೆ. ಹತ್ತಿರದ ಮನೆಯ ಬೆಳಕು ಬೇಗ ಬರುತ್ತದೆ, ದೂರದ್ದು ತಡವಾಗಿ. ಆ ವ್ಯತ್ಯಾಸವನ್ನೂ ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ತನ್ನ ಸರದಿ ಬಂದಾಗ ಮಾತ್ರ ಮನೆಯ ಲೇಸರ್ ಬೆಳಗಬೇಕು, ಉಳಿದಂತೆ ಆರಿರಬೇಕು. ಎಲ್‌ಒಎಸ್ ಕೆಂಪು ದೀಪ ಹತ್ತಿದಾಗ ಮನೆಯ ಲೇಸರ್ ಸುಮ್ಮನಿರುವುದೂ ಇದಕ್ಕೇ, ಅಪ್ಪಣೆ ಕೇಳಿಸದೆ ಅದು ಬಾಯಿ ತೆರೆಯುವಂತಿಲ್ಲ.

ಯಾವುದೋ ಮನೆಯ ಬಾಕ್ಸ್ ಕೆಟ್ಟು ಲೇಸರ್ ಆರದೆ ಉರಿಯುತ್ತಲೇ ಇದ್ದರೆ? ಮೈಕ್ ಬಿಡದ ಭಾಷಣಕಾರನ ಹಾಗೆ ಆ ಒಂದು ಬಾಕ್ಸ್ ಉಳಿದ 31 ಮನೆಗಳ ದನಿಯನ್ನು ಮುಳುಗಿಸಬಲ್ಲದು. ತಂತ್ರಜ್ಞರು ಇದನ್ನು 'ರೋಗ್' ಅಂದರೆ ಪುಂಡ ಬಾಕ್ಸ್ ಎನ್ನುತ್ತಾರೆ. ಗುರುತಿಸಲು ಒಂದು ಸುಳಿವಿದೆ. ಕೇಬಲ್ ಮುರಿದಿದ್ದರೆ ಎಲ್‌ಒಎಸ್ ಕೆಂಪಾಗುತ್ತದೆ. ಪುಂಡ ಬಾಕ್ಸ್‌ನ ಕಾಟವಿದ್ದರೆ ಬರುವ ಬೆಳಕು ಸರಿಯಾಗಿಯೇ ಇರುವುದರಿಂದ ಕೆಂಪು ದೀಪ ಹತ್ತದು, ಆದರೆ 'ಪಾನ್' ಎಂಬ ಹಸಿರು ದೀಪ ನಿಲ್ಲದೆ ಮಿನುಗುತ್ತದೆ, ಒಂದೇ ಕಂಬಕ್ಕೆ ಸೇರಿದ ಹಲವು ಮನೆಗಳಲ್ಲಿ ಏಕಕಾಲಕ್ಕೆ. ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರ ಮನೆಯಲ್ಲಿ ಯಾವ ದೀಪ ಎಂದು ಎರಡು ನಿಮಿಷ ವಿಚಾರಿಸಿ ದೂರು ಕೊಟ್ಟರೆ, ಒಂದೊಂದೇ ಮನೆಗೆ ಟೆಕ್ನಿಷಿಯನ್ ಬಂದು ಬರಿಗೈಯಲ್ಲಿ ಹೋಗುವುದು ತಪ್ಪುತ್ತದೆ.

ಇದೇ ಬಾಕ್ಸ್ ಕರೆಂಟ್ ಹೋದಾಗ ಮಾಡುವ ಇನ್ನೊಂದು ಕೆಲಸ ಕುತೂಹಲದ್ದು. ಒಳಗೆ ಉಳಿದಿರುವ ತುಸು ವಿದ್ಯುತ್ತಿನಲ್ಲಿ ಲೇಸರ್ ಕೊನೆಯದಾಗಿ ಒಮ್ಮೆ ಬೆಳಗಿ "ನನಗೆ ಕರೆಂಟ್ ಹೋಯಿತು" ಎಂದು ಕಂಪನಿಗೆ ತಿಳಿಸಿ ಆರುತ್ತದೆ. ಕೇಬಲ್ ಮುರಿದದ್ದೋ ಕರೆಂಟ್ ಹೋದದ್ದೋ ಎಂದು ಕಂಪನಿಗೆ ಗೊತ್ತಾಗುವುದು ಹೀಗೆ.

ಬಾಕ್ಸ್ ಇಲ್ಲಿಯದು, ಚಿಪ್ ಎಲ್ಲಿಯದು?

ಎನ್‌ಸಿಆರ್‌ನಲ್ಲಿ ಬೆಳಕಿನ ದೊಡ್ಡ ಗಿರಾಕಿಗಳು ಮನೆಗಳಷ್ಟೇ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಯೋಟ್ಟಾ ಕಂಪನಿಯ ಬೃಹತ್ ಡೇಟಾ ಸೆಂಟರ್ ಉದ್ಘಾಟನೆಯಾಯಿತು. ಡೇಟಾ ಸೆಂಟರ್‌ಗಳಲ್ಲಿ ಸರ್ವರ್‌ನಿಂದ ಸರ್ವರ್‌ಗೆ ಕೆಲವೇ ಮೀಟರ್ ದೂರ. ಅಂಥ ಕಡೆ ಸಾಮಾನ್ಯವಾಗಿ 850 ನ್ಯಾನೋಮೀಟರ್‌ನ ವಿಕ್ಸೆಲ್ ಎಂಬ ಲೇಸರ್ ನಡೆಯುತ್ತದೆ. ಚಿಪ್‌ನ ಅಂಚಿನಿಂದಲ್ಲದೆ ಮೇಲ್ಮೈಯಿಂದ ನೇರ ಮೇಲಕ್ಕೆ ಬೆಳಗುವ ಇದು ಅಗ್ಗ, ಕಡಿಮೆ ವಿದ್ಯುತ್ ಸಾಕು. ನೂರು ಮೀಟರ್ ಆಸುಪಾಸು ಅದರ ಮಿತಿ, ಅದಕ್ಕಿಂತ ದೂರವಾದರೆ ಮತ್ತೆ 1310ರ ಲೇಸರ್.

ಭಾರತದಲ್ಲಿ ಫೈಬರ್ ತಯಾರಾಗುತ್ತದೆ, ಕೇಬಲ್ ತಯಾರಾಗುತ್ತದೆ. 1984ರಲ್ಲಿ ಸ್ಥಾಪನೆಯಾದ, ದೆಹಲಿ ಮತ್ತು ಬೆಂಗಳೂರಿನಲ್ಲಿ ಕೇಂದ್ರಗಳಿರುವ ಸರ್ಕಾರಿ ಸಂಸ್ಥೆ ಸಿ-ಡಾಟ್ ಜಿಪಾನ್ ಯಂತ್ರಗಳನ್ನೇ ರೂಪಿಸಿ ದೇಶೀ ತಯಾರಕರಿಗೆ ತಂತ್ರಜ್ಞಾನ ಕೊಟ್ಟಿದೆ, ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಭಾರತ್‌ನೆಟ್‌ನಲ್ಲಿ ಅವು ಬಳಕೆಯಾಗಿವೆ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ 2000ದಿಂದ ಆಪ್ಟಿಕಲ್ ಉಪಕರಣಗಳನ್ನು ಮಾಡುತ್ತಿದೆ. ಆದರೆ ಇವೆಲ್ಲದರ ಎದೆಯಲ್ಲಿ ಕೂರುವ ಲೇಸರ್ ಚಿಪ್ ಬೇರೆಯೇ ಜಾತಿ. ಅದನ್ನು ಕಂಪ್ಯೂಟರ್ ಚಿಪ್‌ನಂತೆ ಸಿಲಿಕಾನ್‌ನಲ್ಲಿ ಮಾಡಲಾಗದು, ಏಕೆಂದರೆ ಸಿಲಿಕಾನ್ ತಾನಾಗಿ ಬೆಳಕು ಕೊಡುವುದರಲ್ಲಿ ತೀರಾ ಹಿಂದೆ. ಇಂಡಿಯಂ ಫಾಸ್ಫೈಡ್ ಎಂಬ ಹರಳಿನ ಮೇಲೆ ಪರಮಾಣುಗಳ ಪದರಗಳನ್ನು ಒಂದೊಂದಾಗಿ ಬೆಳೆಸಬೇಕು. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಕಾರ್ಖಾನೆಗಳು ಹೆಚ್ಚಾಗಿ ಅಮೆರಿಕ, ಜಪಾನ್, ಚೀನಾ, ತೈವಾನ್‌ನಲ್ಲಿವೆ.

ಸರ್ಕಾರ 2021ರ ಫೆಬ್ರವರಿಯಲ್ಲಿ ಟೆಲಿಕಾಂ ಉಪಕರಣಗಳ ತಯಾರಿಕೆಗೆ 12,195 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಒಪ್ಪಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮದಲ್ಲಿ ಸಂಯುಕ್ತ ಅರೆವಾಹಕಗಳಿಗೂ ಸಿಲಿಕಾನ್ ಫೋಟಾನಿಕ್ಸ್‌ಗೂ ಜಾಗವಿದೆ. ಸುದ್ದಿಯ ತಲೆಬರಹಗಳಲ್ಲಿ ಮಿಂಚುವುದು ಮೊಬೈಲ್, ಕಾರಿನ ಚಿಪ್‌ಗಳು. ದೇಶದ ಸಂಪರ್ಕವೆಲ್ಲ ನಿಂತಿರುವ ಈ ಬೆಳಕಿನ ಚಿಪ್‌ಗೆ ಅಷ್ಟು ಗಮನ ಸಿಕ್ಕಿಲ್ಲ.

50 ಸಾವಿರದಿಂದ ಒಂದಕ್ಕೆ

ದೆಹಲಿಯಲ್ಲಿ ನಡೆದಿರುವ ಇನ್ನೊಂದು ಕೆಲಸದಲ್ಲಿ ಗುರಿ ತಲೆಕೆಳಗು. ಅಲ್ಲಿ ಬೆಳಕನ್ನು ಹೆಚ್ಚಿಸುವುದಲ್ಲ, ಇಳಿಸುವುದೇ ವಿದ್ಯೆ. ಮನೆಯ ಇಂಟರ್ನೆಟ್‌ನಲ್ಲಿ ಒಂದು ಬಿಟ್‌ಗೆ 50 ಸಾವಿರ ಫೋಟಾನ್ ಬರುತ್ತವೆ ಎಂದೆವು. ನಡುವೆ ಯಾರಾದರೂ ಫೈಬರನ್ನು ಬಗ್ಗಿಸಿ ಕೆಲವು ಸಾವಿರ ಕದ್ದರೂ ಸಂದೇಶ ಹಾಳಾಗದು, ಕಳ್ಳತನ ಸುಲಭಕ್ಕೆ ಗೊತ್ತಾಗದು. ಕ್ವಾಂಟಂ ಕೀ ವಿತರಣೆ ಎಂಬ ವಿಧಾನದಲ್ಲಿ ಲೇಸರ್ ಬೆಳಕನ್ನು ಸೋಸಿ ಸೋಸಿ, ಒಂದು ಮಿಡಿತದಲ್ಲಿ ಸರಾಸರಿ ಒಂದು ಫೋಟಾನ್‌ಗಿಂತಲೂ ಕಡಿಮೆ ಇರುವಂತೆ ಮಾಡುತ್ತಾರೆ. ಒಂದೇ ಕಣವನ್ನು ಅರ್ಧ ಕದಿಯಲಾಗದು, ನಕಲು ಮಾಡಲಾಗದು. ಮುಟ್ಟಿದರೆ ಅದರ ಸ್ಥಿತಿ ಕೆಡುತ್ತದೆ, ಎರಡೂ ಕಡೆಯವರಿಗೆ ತಿಳಿಯುತ್ತದೆ. ಹೀಗೆ ಕಳಿಸುವುದು ಸಂದೇಶವನ್ನಲ್ಲ, ಸಂದೇಶಕ್ಕೆ ಹಾಕುವ ಬೀಗದ ಕೀಲಿಯನ್ನು. ನಕಲು ಸಾಧ್ಯವಿಲ್ಲದ ಕಾರಣ ಎರ್ಬಿಯಂ ಆ್ಯಂಪ್ಲಿಫೈಯರ್ ಕೂಡ ಇಲ್ಲಿ ಉಪಯೋಗಕ್ಕಿಲ್ಲ, ಅದಕ್ಕೇ ದೂರ ಹೋಗುವುದು ಕಷ್ಟ.

ಸಿ-ಡಾಟ್‌ನ ದೆಹಲಿ ಕೇಂದ್ರದಲ್ಲಿ 2021ರ ಅಕ್ಟೋಬರ್‌ನಲ್ಲಿ ಕ್ವಾಂಟಂ ಸಂವಹನ ಪ್ರಯೋಗಾಲಯ ಶುರುವಾಯಿತು. ಸಾಮಾನ್ಯ ಫೈಬರ್‌ನಲ್ಲಿ 100 ಕಿಲೋಮೀಟರ್‌ಗೂ ಹೆಚ್ಚು ದೂರ ಕೆಲಸ ಮಾಡುವ ದೇಶೀ ವ್ಯವಸ್ಥೆಯನ್ನು ಆಗ ತೋರಿಸಲಾಯಿತು. 2022ರ ಫೆಬ್ರವರಿಯಲ್ಲಿ ಡಿಆರ್‌ಡಿಒ ಮತ್ತು ಐಐಟಿ ದೆಹಲಿ ವಿಜ್ಞಾನಿಗಳು ಉತ್ತರ ಪ್ರದೇಶದ ಪ್ರಯಾಗ್‌ರಾಜ್ ಮತ್ತು ವಿಂಧ್ಯಾಚಲದ ನಡುವೆ, ನೆಲದಡಿ ಮೊದಲೇ ಹಾಕಿದ್ದ ವಾಣಿಜ್ಯ ಫೈಬರ್‌ನಲ್ಲೇ 100 ಕಿಲೋಮೀಟರ್‌ಗೂ ಮಿಗಿಲಾದ ದೂರಕ್ಕೆ ಇಂಥ ಕೀಲಿ ಕಳಿಸಿದರು. 2023ರ ಮಾರ್ಚ್‌ನಲ್ಲಿ ಆಗಿನ ಟೆಲಿಕಾಂ ಸಚಿವ ಅಶ್ವಿನಿ ವೈಷ್ಣವ್, ದೆಹಲಿಯ ಸಂಚಾರ ಭವನ ಮತ್ತು ಸಿಜಿಒ ಕಾಂಪ್ಲೆಕ್ಸ್‌ನ ಎನ್‌ಐಸಿ ಕಚೇರಿಯ ನಡುವೆ ಕ್ವಾಂಟಂ ಸುರಕ್ಷಿತ ಸಂಪರ್ಕ ಕೆಲಸ ಮಾಡುತ್ತಿದೆ ಎಂದು ಪ್ರಕಟಿಸಿ, ಅದರ ಗೂಢಲಿಪಿ ಮುರಿದವರಿಗೆ 10 ಲಕ್ಷ ರೂಪಾಯಿ ಬಹುಮಾನ ಎಂದೂ ಹೇಳಿದ್ದರು. ಮರು ತಿಂಗಳು ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಸಂವಹನ ವಿಭಾಗದ ಹೊಣೆ ಐಐಟಿ ಮದ್ರಾಸ್‌ನದು, ಜೊತೆಗೆ ದೆಹಲಿಯ ಸಿ-ಡಾಟ್.

ಲೇಸರ್ ಸೋಸುವ ವಿಧಾನದಲ್ಲಿ ಒಂದು ಸಣ್ಣ ಬಿರುಕಿದೆ. ಸರಾಸರಿ ಒಂದಕ್ಕಿಂತ ಕಡಿಮೆ ಎಂದರೂ ಅಪರೂಪಕ್ಕೊಮ್ಮೆ ಒಂದೇ ಮಿಡಿತದಲ್ಲಿ ಎರಡು ಫೋಟಾನ್ ಹೊರಟುಬಿಡಬಹುದು, ಕಳ್ಳನಿಗೆ ಅದೇ ಸಂದು. ಅದನ್ನು ಮುಚ್ಚಲು ಲೆಕ್ಕಾಚಾರದ ಉಪಾಯಗಳಿವೆ. ಬೆಳಕಿನ ಮೂಲವನ್ನೇ ಬದಲಿಸುವುದು ಇನ್ನೊಂದು ದಾರಿ. ಲೇಸರನ್ನು ವಿಶೇಷ ಹರಳೊಂದಕ್ಕೆ ಹಾಯಿಸಿದರೆ ಕೆಲವೊಮ್ಮೆ ಒಂದು ಫೋಟಾನ್ ಒಡೆದು, ಒಂದರ ಸ್ಥಿತಿ ಇನ್ನೊಂದಕ್ಕೆ ಹೆಣೆದುಕೊಂಡ ಅವಳಿ ಫೋಟಾನ್‌ಗಳು ಹುಟ್ಟುತ್ತವೆ. ಐಐಟಿ ದೆಹಲಿಯ ಪ್ರೊ. ಭಾಸ್ಕರ್ ಕನ್ಸೇರಿ ಅವರ ತಂಡ ಈ ಅವಳಿ ಫೋಟಾನ್‌ಗಳನ್ನು ಬಳಸಿ 2024ರಲ್ಲಿ 100 ಕಿಲೋಮೀಟರ್ ಉದ್ದದ ಸುರುಳಿ ಫೈಬರ್‌ನಲ್ಲಿ ಕೀಲಿ ಹಂಚಿತು. 2025ರ ಜೂನ್‌ನಲ್ಲಿ ಡಿಆರ್‌ಡಿಒ ಜೊತೆಗೂಡಿ ಐಐಟಿ ಆವರಣದಲ್ಲೇ, ಫೈಬರ್ ಇಲ್ಲದೆ ಬಯಲು ಗಾಳಿಯಲ್ಲಿ ಒಂದು ಕಿಲೋಮೀಟರ್‌ಗೂ ಹೆಚ್ಚು ದೂರಕ್ಕೆ ಅದನ್ನೇ ಮಾಡಿ ತೋರಿಸಿತು. ಸಿಕ್ಕ ವೇಗ ಸೆಕೆಂಡಿಗೆ ಸುಮಾರು 240 ಬಿಟ್. ನೋಯ್ಡಾದ ಮನೆಯೊಂದರ ಗೋಡೆಯ ಮೇಲಿನ ಬಾಕ್ಸ್ ಅಷ್ಟು ಬಿಟ್‌ಗಳನ್ನು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ನುಂಗಿರುತ್ತದೆ, ಆದರೆ ಅದರಲ್ಲಿ ಒಂದನ್ನೂ ಕಳ್ಳನ ಕಣ್ಣು ತಪ್ಪಿಸಿ ತಂದಿದ್ದೇನೆ ಎಂದು ಹೇಳುವ ಸಾಮರ್ಥ್ಯ ಅದರ ಲೇಸರ್‌ಗೆ ಇಲ್ಲ.